10 ನ್ಯಾನೊಸೆಕೆಂಡಿನ ಪಲ್ಸ್ ಬೇಕು: ಹಳೆ ಟಿವಿ ಕೇಬಲ್ ತುಂಡಿನಲ್ಲಿ ಆಗ್ತದಾ?

ಬದಿಯಡ್ಕ_ತೋಟ
ಎಲ್ಲರಿಗೂ ನಮಸ್ಕಾರ. ತೋಟದ ಪಂಪಿಗೆ ಮಣ್ಣಿನಡಿ ಹೋಗುವ ಮೂರು ಕೋರ್ ಕೇಬಲ್ ಕೈಕೊಟ್ಟಿದೆ. ಮನೆಯಿಂದ ಕೆರೆ ಬದಿಯ ಶೆಡ್ಡಿಗೆ ಟೇಪ್ ಹಿಡಿದರೆ 116 ಮೀಟರ್. ಮಲ್ಟಿಮೀಟರ್ ಪ್ರಕಾರ ಕೆಂಪು ಕೋರ್ ಎಲ್ಲೋ ತುಂಡಾಗಿದೆ, ಹಳದಿ ಮತ್ತು ನೀಲಿ ಸರಿ ಇವೆ. ಜಾಗ ಗೊತ್ತಿಲ್ಲದೆ ಅಡಿಕೆ ಮರದ ಬುಡದಲ್ಲೆಲ್ಲ ಅಗೆಯುವ ಹಾಗಿಲ್ಲ.

ಪಲ್ಸ್, ಅಂದರೆ ವೋಲ್ಟೇಜಿನ ಒಂದು ಸಣ್ಣ ಹೊಡೆತ, ಕಳಿಸಿ, ಅದು ತುಂಡಾದ ಜಾಗಕ್ಕೆ ತಾಗಿ ವಾಪಸ್ ಬರುವ ಸಮಯ ಅಳೆದರೆ ದೂರ ಸಿಗ್ತದೆ ಅಂತ ಓದಿದ್ದೇನೆ. ನನ್ನಲ್ಲಿ 100 ಮೆಗಾಹರ್ಟ್ಸ್ ಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಆಸಿಲೊಸ್ಕೋಪ್) ಉಂಟು. ಪಲ್ಸ್ ಜನರೇಟರ್ ಇಲ್ಲ, ಅದಕ್ಕೆ ದುಡ್ಡು ಹಾಕುವ ಮನಸ್ಸೂ ಇಲ್ಲ. 10 ನ್ಯಾನೊಸೆಕೆಂಡಿನ ಪಲ್ಸ್ ಅಗ್ಗದಲ್ಲಿ ಮಾಡುವ ದಾರಿ ಯಾರಾದರೂ ಹೇಳಿ.

ಉಪ್ಪಳ_ಕೇಬಲ್
ನಿಮ್ಮ ಕಡೆ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ತಾನಾಗಿ ಇಳಿದು ಬರುವ ತೋಟಗಳಿವೆಯಲ್ಲ, ಅವರಿಗೆ ಈ ತಲೆಬಿಸಿಯೇ ಇಲ್ಲ ಮಾರಾಯ್ರೆ. ಪಲ್ಸ್ ವಿಷಯ ನನಗೆ ಗೊತ್ತಿಲ್ಲ. ಟಿವಿ ಕೇಬಲ್ ಬೇಕಾದರೆ ಹೇಳಿ, ನೆಟ್‌ವರ್ಕ್ ನಿಲ್ಲಿಸಿದ ಮೇಲೆ ಆರ್‌ಜಿ-6 ಸುರುಳಿಗಳು ಅಟ್ಟದಲ್ಲಿ ಸುಮ್ನೆ ಬಿದ್ದಿವೆ.

ಮುಳ್ಳೇರಿಯ_ಮಾಷ್ಟ್ರು
ಆ ಸುರುಳಿಯಲ್ಲಿಯೇ ಕೆಲಸ ಆಗ್ತದೆ. ಇಷ್ಟು ವೇಗದಲ್ಲಿ ಕೇಬಲ್ ಬರೀ ತಂತಿ ಅಲ್ಲ, ಅದೇ ಒಂದು ಬಿಡಿಭಾಗ.

ಮೊದಲು ಬೇಕಾದದ್ದು ಅಂಚು, ಅಂದರೆ ವೋಲ್ಟೇಜಿನ ಒಂದು ಚುರುಕಾದ ಏರು. ಅಗಲ ಎಷ್ಟಾದರೂ ಇರಲಿ. ಆ ಅಂಚು ಬರುವ ಜಾಗದಲ್ಲಿ, ಹೊರಗೆ ಹೋಗುವ ಕೇಬಲ್ಲಿನ ಜೊತೆ ಇನ್ನೊಂದು ಕೇಬಲ್ ತುಂಡನ್ನು ಟಿ ಹಾಗೆ ಜೋಡಿಸಿ. ಆ ತುಂಡಿನ ತುದಿಯಲ್ಲಿ ನಡುತಂತಿಯನ್ನೂ ಜಾಲರಿಯನ್ನೂ ಸೇರಿಸಿ ಶಾರ್ಟ್ ಮಾಡಿ. ಅಂಚು ತುಂಡಿನೊಳಗೆ ಓಡುತ್ತದೆ, ಶಾರ್ಟಿಗೆ ತಾಗಿ ತಲೆಕೆಳಗಾಗಿ ವಾಪಸ್ ಬರುತ್ತದೆ. ಬಾವಿ ಹಗ್ಗವನ್ನು ಮರಕ್ಕೆ ಬಿಗಿದು ಒಂದು ಸಲ ಕೊಡವಿದರೆ ಮೇಲೆ ಹೋದ ಉಬ್ಬು ಕೆಳಗಾಗಿ ಬರುತ್ತದಲ್ಲ, ಹಾಗೆ. ವಾಪಸ್ ಬಂದದ್ದು ಮೊದಲಿನ ವೋಲ್ಟೇಜನ್ನು ಕಳೆದುಹಾಕುತ್ತದೆ. ಅಲ್ಲಿಗೆ ಪಲ್ಸ್ ಮುಗಿಯಿತು.

ಅಗಲ ಅಂದರೆ ತುಂಡಿನಲ್ಲಿ ಹೋಗಿ ಬರುವ ಸಮಯ. ಲ್ಯಾಬುಗಳಲ್ಲಿ ಬಳಸುವ ಕೇಬಲ್ ಆರ್‌ಜಿ-58ರಲ್ಲಿ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್. ಒಂದು ಮೀಟರ್ ತುಂಡು ಹಾಕಿದರೆ 10 ನ್ಯಾನೊಸೆಕೆಂಡ್. ಟಿವಿಯ ಆರ್‌ಜಿ-6 ಒಳಗೆ ನೊರೆ ಪ್ಲಾಸ್ಟಿಕ್ ಇರುವುದರಿಂದ ಸ್ವಲ್ಪ ವೇಗ ಜಾಸ್ತಿ, ಮೀಟರಿಗೆ 4. ಅದಕ್ಕೆ 1.25 ಮೀಟರ್ ಬೇಕು.

ಬದಿಯಡ್ಕ_ತೋಟ
ಮಾಷ್ಟ್ರೇ, ಇಷ್ಟೇನಾ? ಅಂಚು ಎಲ್ಲಿಂದ ತರುವುದು? ಆರ್ಡುಯಿನೊ ಸಾಕಾ?

ಮುಳ್ಳೇರಿಯ_ಮಾಷ್ಟ್ರು
ಅದು ನಿಧಾನ. 74ಎಸಿ14 ಅಂತ ಒಂದು ಐಸಿ ಉಂಟು, ಆರು ಸ್ಮಿಟ್ ಇನ್ವರ್ಟರ್ (ಒಳಗೆ ಬಂದದ್ದನ್ನು ತಿರುವಿ ಹಾಕಿ ಹೊರಗೆ ಕೊಡುವ ಗೇಟು) ಇರುವಂಥದ್ದು. ಅಂಗಡಿಯವರು 'ಎರಡೂ ಒಂದೇ' ಅಂತ 74ಎಚ್‌ಸಿ14 ಕೊಟ್ಟಾರು, ಒಂದೇ ಅಲ್ಲ. ಎಚ್‌ಸಿ ಏರಲಿಕ್ಕೆ ಆರೇಳು ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತದೆ, ಎಸಿಗೆ ಒಂದೂವರೆ, ಎರಡು ಸಾಕು. 40106 ಕೊಟ್ಟರಂತೂ ವಾಪಸ್ ಮಾಡಿ, 5 ವೋಲ್ಟಿನಲ್ಲಿ ಅದಕ್ಕೆ ನೂರು ನ್ಯಾನೊಸೆಕೆಂಡ್ ಬೇಕು.

ಒಂದು ಗೇಟಿಗೆ 10 ಕಿಲೊಓಮ್ ಮತ್ತು 1 ನ್ಯಾನೊಫ್ಯಾರಡ್ ಹಾಕಿದರೆ 100 ಕಿಲೊಹರ್ಟ್ಸ್ ಆಸುಪಾಸು ತಾನೇ ಬಡಿದುಕೊಳ್ಳುತ್ತದೆ. ಉಳಿದ ಐದು ಗೇಟುಗಳನ್ನು ಅದರಿಂದ ಓಡಿಸಿ. ಪ್ರತಿಯೊಂದರ ಹೊರಗೆ 360 ಓಮ್ ಹಾಕಿ, ಆಚೆ ತುದಿಗಳನ್ನು ಒಟ್ಟು ಸೇರಿಸಿ. ಗೇಟಿನ ಒಳಗಿನ ಹತ್ತು ಹನ್ನೆರಡು ಓಮ್ ಸೇರಿ ಐದೂ ಸಮಾನಾಂತರವಾದಾಗ ಸುಮಾರು 75 ಓಮ್ ಆಗುತ್ತದೆ, ಟಿವಿ ಕೇಬಲ್ಲಿಗೆ ಸರಿಯಾಗಿ. ಕೇಬಲ್ ತನ್ನೊಳಗೆ ಓಡುವ ಅಲೆಗೆ ತೋರಿಸುವ ಈ ತಡೆಗೆ ಇಂಪೀಡೆನ್ಸ್ ಅನ್ನುತ್ತಾರೆ. ಅದು ಬದಲಾದ ಜಾಗದಲ್ಲಿ ಅಲೆಯ ಒಂದು ಪಾಲು ತಿರುಗಿ ವಾಪಸ್ ಬರುತ್ತದೆ.

ಹೊಸೂರು_ಬೋರ್ಡ್
ಮಾಷ್ಟ್ರೇ, ಒಂದು ತಕರಾರು. ನಾನು ಇಲ್ಲಿ ಹೊಸೂರಿನಲ್ಲಿ ಬೋರ್ಡ್ ಲೇಔಟ್ ಕೆಲಸ ಮಾಡುವವನು, ದಿನಾ ಇದೇ ರಗಳೆ. ನೀವು ಹೇಳಿದ ಟಿ ಜೋಡಣೆಯಲ್ಲಿ ಪಲ್ಸ್ ಒಂದೇ ಸಲಕ್ಕೆ ಸೊನ್ನೆಗೆ ಇಳಿಯುವುದಿಲ್ಲ.

ಮೂಲ (ಗೇಟುಗಳು) 75, ಹೊರ ಕೇಬಲ್ 75, ಶಾರ್ಟ್ ತುಂಡು 75 ಅಂತ ಇಟ್ಟುಕೊಳ್ಳಿ. ಮೊದಲಿಗೆ ಜೋಡಣೆಯಲ್ಲಿ ಸಿಗುವುದು 5 ವೋಲ್ಟಿನ ಮೂರನೇ ಒಂದು, ಅಂದರೆ 1.67 ವೋಲ್ಟ್. ತುಂಡಿನಿಂದ ತಲೆಕೆಳಗಾಗಿ ಬಂದ ಅಲೆಗೆ ಎದುರು ಕಾಣುವುದು ಮೂಲ ಮತ್ತು ಹೊರ ಕೇಬಲ್ ಸಮಾನಾಂತರ, 37.5 ಓಮ್. ಅದು 75 ಅಲ್ಲ. ಹಾಗಾಗಿ ಮೂರನೇ ಒಂದು ಪಾಲು ಮತ್ತೆ ತುಂಡಿನೊಳಗೇ ತಿರುಗಿ ಹೋಗುತ್ತದೆ. ಜೋಡಣೆಯಲ್ಲಿ 0.56 ವೋಲ್ಟ್ ಉಳಿಯುತ್ತದೆ, ಇನ್ನೊಂದು 10 ನ್ಯಾನೊಸೆಕೆಂಡ್ ಬಿಟ್ಟು 0.19, ಹೀಗೆ ಮೆಟ್ಟಿಲು. ಎಕೋ ಹುಡುಕುವವರಿಗೆ ಈ ಮೆಟ್ಟಿಲೇ ಎಕೋ ಹಾಗೆ ಕಂಡರೆ ಕತೆ ಮುಗೀತು.

ನೀರ್ಚಾಲು_ಇಸಿಇ
ಆದರೆ ನ್ಯೂಕ್ಲಿಯರ್ ಲ್ಯಾಬ್‌ಗಳಲ್ಲಿ ಫೋಟೊಮಲ್ಟಿಪ್ಲೈಯರ್‌ಗೆ (ಮಂದ ಬೆಳಕನ್ನು ಕರೆಂಟಾಗಿ ಮಾಡುವ ಕೊಳವೆ) ಒಂದೇ ತುಂಡು ಹಾಕಿ ಪಲ್ಸ್ ಕತ್ತರಿಸುತ್ತಾರೆ ಅಂತ ನಮ್ಮ ಪುಸ್ತಕದಲ್ಲಿದೆ. ಅಲ್ಲಿ ಮೆಟ್ಟಿಲು ಬರುವುದಿಲ್ವಾ ಅಣ್ಣ?

ಹೊಸೂರು_ಬೋರ್ಡ್
ಒಳ್ಳೆ ಪ್ರಶ್ನೆ. ಅಲ್ಲಿ ಮೂಲ ಬರೀ ಕರೆಂಟ್ ತಳ್ಳುವಂಥದ್ದು, ಅದರ ಇಂಪೀಡೆನ್ಸ್ ಲೆಕ್ಕಕ್ಕೇ ಬಾರದಷ್ಟು ದೊಡ್ಡದು. ವಾಪಸ್ ಬಂದ ಅಲೆಗೆ ಕಾಣುವುದು ಹೊರ ಕೇಬಲ್ ಮಾತ್ರ, 50ಕ್ಕೆ 50. ಅದಕ್ಕೇ ನೀಟಾಗಿ ಕತ್ತರಿಸುತ್ತದೆ. ನಮ್ಮ ಗೇಟುಗಳ ಕತೆ ಹಾಗಲ್ಲ.

ಮುಳ್ಳೇರಿಯ_ಮಾಷ್ಟ್ರು
ಹೊಸೂರಿನವರ ಲೆಕ್ಕ ಸರಿ. ಅದಕ್ಕೆ ಮದ್ದು ಸುಲಭ, ಅಟ್ಟದಲ್ಲಿ ಸುರುಳಿ ಬೇಕಾದಷ್ಟು ಇರುವಾಗ ಬಿಟ್ಟಿಯೂ ಹೌದು. ಶಾರ್ಟ್ ತುಂಡು ಒಂದರ ಬದಲು ಎರಡು ಹಾಕಿ, ಒಂದೇ ಉದ್ದದ್ದು, ಸಮಾನಾಂತರವಾಗಿ. 75ರ ಎರಡು ಸೇರಿದರೆ 37.5 ಓಮ್. ಎದುರು ಕಾಣುವುದೂ 37.5. ವಾಪಸ್ ಬಂದದ್ದು ಪೂರ್ತಿ ಹೊರಗೆ ಹೋಗುತ್ತದೆ, ಒಂದೇ ಇಳಿತಕ್ಕೆ ಸೊನ್ನೆ. ಎತ್ತರ 1.67ರಿಂದ 1.25 ವೋಲ್ಟಿಗೆ ಇಳಿಯುತ್ತದೆ, ಹೋಗಲಿ ಬಿಡಿ.

50 ಓಮ್ ವ್ಯವಸ್ಥೆ ಇದ್ದವರಿಗೆ 25 ಓಮ್ ತುಂಡು ಬೇಕು. ಆರ್‌ಜಿ-58 ಎರಡು ಹಾಕಬಹುದು, ಅಥವಾ ಟಿವಿ ಕೇಬಲ್ ಮೂರು. 75ರ ಮೂರು ಸಮಾನಾಂತರ ಅಂದರೆ 25.

ಹೊಸೂರು_ಬೋರ್ಡ್
ಸಿಮ್ಯುಲೇಶನ್ ಹಾಕಿ ನೋಡಿದೆ. ಎರಡು ತುಂಡಿನಲ್ಲಿ ಮೆಟ್ಟಿಲು ಮಾಯ. ಒಪ್ಪಿದೆ.

ಆದರೆ ಇನ್ನೊಂದು ಗೂಟ ಉಂಟು. ತೋಟದ ಕೇಬಲ್ಲಿನಿಂದ ವಾಪಸ್ ಬರುವ ಎಕೋಗೂ ಆ ಶಾರ್ಟ್ ತುಂಡುಗಳು ಎದುರಾಗುತ್ತವೆ ಅಲ್ವಾ? ಅದನ್ನೂ ಅವು ಕತ್ತರಿಸುತ್ತವೆ. ಜೋಡಣೆಯಲ್ಲಿ ಸ್ಕೋಪ್ ಇಟ್ಟರೆ ಎಕೋ ಅರ್ಧ ಎತ್ತರಕ್ಕೆ ಕಾಣುತ್ತದೆ, ಅದರ ಬೆನ್ನಿಗೇ ಅಷ್ಟೇ ಎತ್ತರದ ತಲೆಕೆಳಗಿನ ಇನ್ನೊಂದು. ತುಂಡಾದ ಜಾಗದ ಎಕೋ ಮೇಲ್ಮುಖ, ಶಾರ್ಟಿನದ್ದು ತಲೆಕೆಳಗೆ. ಎರಡೂ ಕಂಡರೆ ತುಂಡಾದದ್ದಾ, ಶಾರ್ಟ್ ಆದದ್ದಾ ಅಂತ ತಲೆ ಕೆರೆದುಕೊಳ್ಳಬೇಕು.

ಜೋಡಣೆ ಮತ್ತು ತೋಟದ ಕೇಬಲ್ ನಡುವೆ 6 ಡಿಬಿಯ ರೆಸಿಸ್ಟರ್ ಪ್ಯಾಡ್, ಅಂದರೆ ವೋಲ್ಟೇಜನ್ನು ಅರ್ಧಕ್ಕೆ ಇಳಿಸುವ ಜೋಡಣೆ, ಹಾಕಿ. 75 ಓಮಿಗೆ ಲೆಕ್ಕ ಚಂದ ಬರುತ್ತದೆ: ಸಾಲಿನಲ್ಲಿ 25, ನಡುವಿನಿಂದ ನೆಲಕ್ಕೆ 100, ಮತ್ತೆ ಸಾಲಿನಲ್ಲಿ 25. ಸ್ಕೋಪನ್ನು ಪ್ಯಾಡಿನ ಆಚೆ, ತೋಟದ ಕೇಬಲ್ ಬದಿಗೆ ಇಡಿ. ಪಲ್ಸ್ 0.6 ವೋಲ್ಟಿಗೆ ಇಳಿಯುತ್ತದೆ. ಆದರೆ ತುಂಡುಗಳಿಂದ ಬರುವ ಆ ಸುಳ್ಳು ಎಕೋ ಎಂಟರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. 25 ಓಮ್ ಸಿಗದಿದ್ದರೆ ನಾಲ್ಕು 100 ಓಮ್ ಸಮಾನಾಂತರ ಹಾಕಿ.

ಬದಿಯಡ್ಕ_ತೋಟ
ಟಿ ಜೋಡಣೆಗೆ ಟಿವಿಯ ಸ್ಪ್ಲಿಟರ್ ಬಾಕ್ಸನ್ನೇ ಹಾಕಬಹುದಾ? ಮನೆಯಲ್ಲಿ ಉಂಟು. ಇನ್ನೊಂದು, ಅಂಚು ಇಳಿಯುವಾಗ ತಲೆಕೆಳಗಿನ ಪಲ್ಸ್ ಬರುತ್ತದಲ್ಲ, ಅದನ್ನು ತಡೆಯಲಿಕ್ಕೆ ಡಯೋಡ್ ಬೇಡ್ವಾ?

ಮುಳ್ಳೇರಿಯ_ಮಾಷ್ಟ್ರು
ಸ್ಪ್ಲಿಟರ್ ಬೇಡ. ಅದರೊಳಗೆ ಫೆರೈಟ್ ಉಂಗುರಕ್ಕೆ ಸುತ್ತಿದ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಸುಮಾರು 5 ಮೆಗಾಹರ್ಟ್ಸ್‌ಗಿಂತ ಕೆಳಗಿನದ್ದು ದಾಟುವುದಿಲ್ಲ. ಪಲ್ಸ್ ದಾಟೀತು, ಆದರೆ ಅದರ ಹಿಂದೆ ಬುಡದ ಗೆರೆ ಕೆಳಗೆ ಜಗ್ಗುತ್ತದೆ.

ಡಯೋಡೂ ಬೇಡ. 1ಎನ್4148 ಹಾಕಿದರೆ ಅದು ನಿಲ್ಲಲಿಕ್ಕೇ 4 ನ್ಯಾನೊಸೆಕೆಂಡ್ ಬೇಕು. ಚುರುಕಾದ ಶಾಟ್ಕಿ ಡಯೋಡ್ ಹಾಕಿದರೂ ಸಿಗುವ ಒಂದು ಚೂರು ವೋಲ್ಟೇಜಿನಲ್ಲಿ ಪಾಲು ಕೇಳುತ್ತದೆ. ಡಯೋಡ್ ಮುಚ್ಚಿದಾಗ ಎಕೋಗೆ ಎದುರು ಗೋಡೆ ಬೇರೆ. ತಲೆಕೆಳಗಿನ ಪಲ್ಸ್ ಬರುವುದು 5 ಮೈಕ್ರೊಸೆಕೆಂಡ್ ಆದ ಮೇಲೆ. ನಿಮ್ಮ 116 ಮೀಟರಿನ ಎಕೋ ಒಂದೂವರೆ ಮೈಕ್ರೊಸೆಕೆಂಡಿನೊಳಗೆ ಬಂದು ಹೋಗಿರುತ್ತದೆ. ಸ್ಕೋಪನ್ನು ಏರುವ ಅಂಚಿಗೆ ಟ್ರಿಗರ್ ಮಾಡಿ, ಇನ್ನೊಂದು ಕಣ್ಣಿಗೇ ಬೀಳುವುದಿಲ್ಲ.

ಕುಂಬಳೆ_ಕಡಲು
ನಾನು ಹಡಗಿನ ರೇಡಾರ್ ರಿಪೇರಿ ಮಾಡುತ್ತಿದ್ದವನು. ರೇಡಾರಿನ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನಿಗೆ ಹೋಗುವ ಪಲ್ಸ್ ಆಗುವುದೂ ಇದೇ ಉಪಾಯದಲ್ಲಿ. ಅಲ್ಲಿ ಉದ್ದ ಕೇಬಲ್ ಬದಲು ಕಾಯಿಲ್, ಕೆಪ್ಯಾಸಿಟರ್‌ಗಳ ಸಾಲು. ಮೊದಲು ಅದಕ್ಕೆ ಚಾರ್ಜ್ ತುಂಬಿಸಿ ಒಂದು ಸ್ವಿಚ್ಚಿನಿಂದ ಬಿಡುವುದು. ತಂತಿಗೆ ತುಂಬಿದ ವೋಲ್ಟೇಜಿನ ಅರ್ಧ ಮಾತ್ರ ಹೊರಗೆ ಸಿಗುತ್ತದೆ. ಎರಡು ತಂತಿ ಜೋಡಿಸಿ ಪೂರ್ತಿ ವೋಲ್ಟೇಜ್ ತೆಗೆಯುವ ಜೋಡಣೆಗೆ ಇವತ್ತಿಗೂ ಬ್ಲುಮ್ಲೈನ್ ಅಂತಲೇ ಹೆಸರು. ಅಲನ್ ಬ್ಲುಮ್ಲೈನ್ ಇಂಗ್ಲೆಂಡಿನವರು. 1942ರಲ್ಲಿ ವಿಮಾನದಲ್ಲಿ ರೇಡಾರ್ ಪರೀಕ್ಷೆ ಮಾಡುತ್ತಿರುವಾಗ ಆ ವಿಮಾನ ಬಿದ್ದು ತೀರಿಕೊಂಡರು, ಆಗ ಅವರಿಗೆ ನಲವತ್ತೂ ಆಗಿರಲಿಲ್ಲ.

ಹೊಸೂರು_ಬೋರ್ಡ್
ಚಾರ್ಜ್ ತುಂಬಿಸಿ ಬಿಡುವ ದಾರಿಯಲ್ಲಿ ಅಗ್ಗದ್ದೂ ಉಂಟು. 2ಎನ್2369 ಟ್ರಾನ್ಸಿಸ್ಟರಿಗೆ 90 ವೋಲ್ಟ್ ಕೊಟ್ಟು ಅವಲಾಂಚ್ ಮಾಡಿಸುವುದು, ಅಂದರೆ ತಡೆ ಮುರಿದು ಕರೆಂಟ್ ಒಮ್ಮೆಗೇ ನುಗ್ಗುವ ಹಾಗೆ ಮಾಡುವುದು. ಲೀನಿಯರ್ ಟೆಕ್ನಾಲಜಿಯ ಜಿಮ್ ವಿಲಿಯಮ್ಸ್ 1991ರಲ್ಲಿ ಅದನ್ನು ಬರೆದು ಹೆಸರುವಾಸಿ ಮಾಡಿದರು. 350 ಪಿಕೊಸೆಕೆಂಡಿನಲ್ಲಿ ಏರುತ್ತದೆ. ಆದರೆ ಬದಿಯಡ್ಕದವರಿಗೆ ಅದು ಬೇಡ. ಸ್ಕೋಪ್ 100 ಮೆಗಾಹರ್ಟ್ಸ್ ಅಂದರೆ ಅದರದ್ದೇ ಏರು 3.5 ನ್ಯಾನೊಸೆಕೆಂಡ್. ಅದಕ್ಕಿಂತ ಚುರುಕಾದದ್ದು ಕೊಟ್ಟರೂ ಅದಕ್ಕೆ ಕಾಣುವುದಿಲ್ಲ. 90 ವೋಲ್ಟ್ ಮಾಡುವ ಕಿರಿಕಿರಿ ಬೇರೆ.

ನೀರ್ಚಾಲು_ಇಸಿಇ
ಹಾಗಾದರೆ ಪಲ್ಸ್ ಯಾಕೆ ಬೇಕು? ಗೇಟಿನ ಅಂಚನ್ನೇ ಹಾಗೇ ಕಳಿಸಿ ಎಲ್ಲಿ ಮೆಟ್ಟಿಲು ಬರುತ್ತದೆ ಅಂತ ನೋಡಬಹುದಲ್ಲ?

ಮುಳ್ಳೇರಿಯ_ಮಾಷ್ಟ್ರು
ನೋಡಬಹುದು ಮಗಾ. ಒಳ್ಳೆ ಕೇಬಲ್, ಸಣ್ಣ ಉದ್ದ ಆದರೆ ಅದೇ ಒಳ್ಳೆಯದು. ಎಲ್ಲೆಲ್ಲಿ ಇಂಪೀಡೆನ್ಸ್ ಎಷ್ಟು ಅಂತ ಪೂರ್ತಿ ಚಿತ್ರ ಸಿಗುತ್ತದೆ. ಪಿವಿಸಿ ಪಂಪ್ ಕೇಬಲ್ಲಿನಲ್ಲಿ ಹಾಗಾಗುವುದಿಲ್ಲ. ಪಿವಿಸಿ ಮೇಲಿನ ಆವರ್ತನಗಳನ್ನು ತಿಂದುಹಾಕುತ್ತದೆ. ದೂರದಿಂದ ಬರುವಾಗ ಮೆಟ್ಟಿಲು ಇಳಿಜಾರಾಗಿ ಹೋಗಿರುತ್ತದೆ, ಎಲ್ಲಿ ಶುರು ಅಂತ ಹೇಳಲಿಕ್ಕೇ ಆಗುವುದಿಲ್ಲ. ಪಲ್ಸ್ ಆದರೆ ಚಪ್ಪಟೆ ಗೆರೆಯ ಮೇಲೆ ಒಂದು ಉಬ್ಬು, ಸಣ್ಣದಾದರೂ ಕಾಣುತ್ತದೆ.

ಅದೇ ಕಾರಣಕ್ಕೆ ಬದಿಯಡ್ಕದವರು ಎರಡು ಜೊತೆ ತುಂಡು ಮಾಡಿಟ್ಟುಕೊಳ್ಳುವುದು ಒಳ್ಳೆಯದು. 1.25 ಮೀಟರಿನ ಜೋಡಿ ಹತ್ತಿರಕ್ಕೆ. 5 ಮೀಟರಿನ ಜೋಡಿ ಹಾಕಿದರೆ 40 ನ್ಯಾನೊಸೆಕೆಂಡ್, ಅದು ದೂರಕ್ಕೆ. ಅಗಲ ಜಾಸ್ತಿಯಾದಷ್ಟು ಶಕ್ತಿ ಜಾಸ್ತಿ, ನಿಖರತೆ ಕಡಿಮೆ.

ಉಪ್ಪಳ_ಕೇಬಲ್
ಇನ್ನು ನನ್ನ ಪಾಳಿ. ಆರ್‌ಜಿ-6ರ ಜಾಲರಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಹೊಸಬರು ಸೀಸ ಸುರಿದು ಸುರಿದು ಪ್ಲಾಸ್ಟಿಕ್ ಕರಗಿಸುತ್ತಾರೆ. ತುದಿಗೆ ಎಫ್ ಕನೆಕ್ಟರ್ (ಟಿವಿ ಕೇಬಲ್ಲಿನ ತಿರುಗಿಸಿ ಹಾಕುವ ತುದಿ) ಹಾಕಿ. ಹೊರ ಸಿಪ್ಪೆ ಸುಲಿದು ಜಾಲರಿಯನ್ನು ಹಿಂದಕ್ಕೆ ಮಡಚಿ, ಒಳಗಿನ ಫಾಯಿಲ್ ಹಾಗೇ ಬಿಟ್ಟು, ಬಿಳಿ ನೊರೆ ಕನೆಕ್ಟರಿನ ತಳಕ್ಕೆ ಸಮ ಬರುವ ತನಕ ಒತ್ತಿ. ನಡುತಂತಿ ಅಂಚಿನಿಂದ ಒಂದೆರಡು ಮಿಲಿಮೀಟರ್ ಹೊರಗೆ ಕಾಣಬೇಕು. ಜಾಲರಿಯ ಒಂದು ಕೂದಲು ನಡುತಂತಿಗೆ ತಾಗಿದರೂ ನಿಮ್ಮ ಪಲ್ಸ್ ಅಲ್ಲಿಯೇ ಮುಗಿಯಿತು.

ಶಾರ್ಟ್ ಮಾಡಲಿಕ್ಕೆ ಹಿತ್ತಾಳೆಯ ಎಫ್ ಸಾಕೆಟ್ ಒಂದು ತೆಗೆದುಕೊಂಡು, ಹಿಂದಿನ ಪಿನ್ನನ್ನು ಮೈಗೇ ಬೆಸೆದುಬಿಡಿ. ತಿರುಗಿಸಿ ಹಾಕಿದರೆ ಆಯಿತು. ತುಂಡು ಬದಲಿಸಲಿಕ್ಕೂ ಸುಲಭ. ಕೇಬಲ್ ನಾಳೆ ಬಸ್ಸಿನಲ್ಲಿ ಕಳಿಸುತ್ತೇನೆ.

ಹೊಸೂರು_ಬೋರ್ಡ್
ಬ್ರೆಡ್‌ಬೋರ್ಡ್ ಮುಟ್ಟಬೇಡಿ. ತಾಮ್ರದ ಹಲಗೆ ಒಂದು ಚೂರು ತೆಗೆದುಕೊಳ್ಳಿ. ಐಸಿಯನ್ನು ಅಂಗಾತ ಮಲಗಿಸಿ, 7ನೇ ಕಾಲನ್ನು ಬಗ್ಗಿಸಿ ನೇರ ತಾಮ್ರಕ್ಕೆ ಬೆಸೆಯಿರಿ. 14ನೇ ಕಾಲಿನಿಂದ ತಾಮ್ರಕ್ಕೆ 100 ನ್ಯಾನೊಫ್ಯಾರಡ್ ಸೆರಾಮಿಕ್, ಕಾಲು 3 ಮಿಲಿಮೀಟರಿಗಿಂತ ಉದ್ದ ಬೇಡ. ತಂತಿಯ ಪ್ರತಿ ಮಿಲಿಮೀಟರಿಗೆ ಹತ್ತಿರ ಹತ್ತಿರ 1 ನ್ಯಾನೊಹೆನ್ರಿ ಬರುತ್ತದೆ. ಸರ್ಕಿಟಿನಲ್ಲಿ ಬರೆಯದೇ ಇರುವ ಕಾಯಿಲ್ ಅದು. ಸಾಕೆಟ್‌ಗಳ ನಡುಪಿನ್ನುಗಳು ಒಂದು ಸೆಂಟಿಮೀಟರ್ ಒಳಗೆ ಸೇರಬೇಕು. ಸುರುಳಿ ಸುತ್ತಿದ ತಂತಿ ರೆಸಿಸ್ಟರ್ ಬೇಡ, ಮೆಟಲ್ ಫಿಲ್ಮ್ ಅಥವಾ ಎಸ್‌ಎಂಡಿ ಹಾಕಿ.

ಪ್ರೋಬಿನ ಮೊಸಳೆ ಕ್ಲಿಪ್ ತೆಗೆದಿಡಿ. ಆ 15 ಸೆಂಟಿಮೀಟರ್ ತಂತಿ ಮತ್ತು ಪ್ರೋಬಿನ 10 ಪಿಕೊಫ್ಯಾರಡ್ ಸೇರಿ 130 ಮೆಗಾಹರ್ಟ್ಸ್ ಹತ್ತಿರ ತಾವೇ ಕುಣಿಯುತ್ತವೆ. ಅದನ್ನು ನೋಡಿ ಪಲ್ಸ್ ಸರಿ ಇಲ್ಲ ಅಂತ ಎಷ್ಟೋ ಜನ ಸರ್ಕಿಟ್ ಬಿಚ್ಚಿದ್ದಾರೆ. ಪ್ರೋಬ್ ತುದಿಯ ಉಂಗುರಕ್ಕೆ ಬರುವ ಸ್ಪ್ರಿಂಗ್ ಹಾಕಿ ನೇರ ತಾಮ್ರಕ್ಕೆ ಒತ್ತಿ ಹಿಡಿಯಿರಿ.

ಮುಳ್ಳೇರಿಯ_ಮಾಷ್ಟ್ರು
ತೋಟದ ಕೇಬಲ್ ಮುಟ್ಟುವ ಮೊದಲು ಮೇನ್ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಸ್ಟಾರ್ಟರಿನಿಂದಲೂ ಮೋಟರಿನಿಂದಲೂ ಮೂರೂ ಕೋರ್ ಕಳಚಿ. ಟೆಸ್ಟರ್ ಹಚ್ಚಿ ನೋಡದೆ ಪಲ್ಸಿನ ಪೆಟ್ಟಿಗೆ ಜೋಡಿಸಬೇಡಿ.

ಬದಿಯಡ್ಕ_ತೋಟ
ಕೇಬಲ್ ಬಂತು ಉಪ್ಪಳದಣ್ಣ, ಉಪಕಾರ ಆಯಿತು. ಪೆಟ್ಟಿಗೆ ಆಗಿದೆ. ಅದರ ಮೇಲೆಯೇ ನೋಡಿದಾಗ 1.25 ಮೀಟರಿನ ಜೋಡಿಯಲ್ಲಿ ಪಲ್ಸ್ 10 ನ್ಯಾನೊಸೆಕೆಂಡಿಗೆ ಹತ್ತಿರವೇ ಬಂತು. ಮೂಲೆಗಳು ದುಂಡಗಿವೆ, ಸ್ಕೋಪಿನ ಮಿತಿ ಅಂತ ಕಾಣುತ್ತದೆ. ಹಿಂದೆ ಮೆಟ್ಟಿಲು ಇಲ್ಲ.

ಡ್ರಮ್ಮಿನಲ್ಲಿ ಉಳಿದಿದ್ದ 20 ಮೀಟರ್ ಪಂಪ್ ಕೇಬಲ್ಲಿಗೆ ಕಳಿಸಿದೆ. ಆಚೆ ತುದಿಗೆ 200 ಓಮಿನ ಪ್ರಿಸೆಟ್ (ತಿರುಗಿಸಿದರೆ ಓಮ್ ಬದಲಾಗುವ ರೆಸಿಸ್ಟರ್) ಹಾಕಿ ಸ್ಕ್ರೂಡ್ರೈವರಿನಲ್ಲಿ ತಿರುಗಿಸುತ್ತಾ ಹೋದರೆ, ಎಕೋ ಮೇಲಿನಿಂದ ಇಳಿದು ಗೆರೆಯೊಳಗೆ ಮುಳುಗಿ, ಇನ್ನೂ ತಿರುಗಿಸಿದರೆ ಕೆಳಗೆ ತಲೆ ಹಾಕುತ್ತದೆ. ಮುಳುಗಿದ ಜಾಗದಲ್ಲಿ ನಿಲ್ಲಿಸಿ ಪ್ರಿಸೆಟ್ ಅಳೆದರೆ 72 ಓಮ್. ಪುಣ್ಯಕ್ಕೆ ಟಿವಿ ಕೇಬಲ್ಲಿಗೆ ಹತ್ತಿರವೇ ಉಂಟು.

ತೋಟದ ಕೇಬಲ್ಲಿನಲ್ಲಿ ಆ ಸಣ್ಣ ಪಲ್ಸಿನ ಎಕೋ ಉಂಟೋ ಇಲ್ಲವೋ ಅನ್ನುವ ಹಾಗೆ ಕಂಡಿತು. 5 ಮೀಟರಿನ ಜೋಡಿ ಹಾಕಿದ ಕೂಡಲೇ ಸ್ಪಷ್ಟ ಉಬ್ಬು. ಕೆಂಪು–ಹಳದಿ ನಡುವೆ 745 ನ್ಯಾನೊಸೆಕೆಂಡ್, ಮೇಲ್ಮುಖ. ಹಳದಿ–ನೀಲಿ ನಡುವೆ 1368. ಈಗ 20 ಮೀಟರಿನ ತುಂಡಿನಿಂದ ವೇಗ ಲೆಕ್ಕ ಹಾಕಬೇಕು.

ನೀರ್ಚಾಲು_ಇಸಿಇ
ವೇಗ ಯಾಕೆ? ಹಳದಿ–ನೀಲಿ ಸರಿ ಇರುವುದರಿಂದ 1368 ಅಂದರೆ ಪೂರ್ತಿ 116 ಮೀಟರ್. ಹಾಗಾದರೆ 745ಕ್ಕೆ 63 ಮೀಟರ್. ಅದೇ ಕೇಬಲ್, ಅದೇ ಮಣ್ಣು, ಇದೇ ಒಳ್ಳೆ ಅಳತೆಗೋಲು.

ಮುಳ್ಳೇರಿಯ_ಮಾಷ್ಟ್ರು
ಶಹಬ್ಬಾಸ್. ಶೆಡ್ಡಿನ ಕಡೆಯಿಂದಲೂ ಒಮ್ಮೆ ಅಳೆಯಿರಿ. ಉಬ್ಬಿನ ನೆತ್ತಿ ನೋಡಬೇಡಿ, ಗೆರೆ ಬಿಟ್ಟು ಏಳುವ ಜಾಗ ನೋಡಿ. ದೂರ ಹೋದ ಪಲ್ಸಿನ ನೆತ್ತಿ ಹಿಂದಕ್ಕೆ ಸರಿದಿರುತ್ತದೆ.

ಬದಿಯಡ್ಕ_ತೋಟ
ಶೆಡ್ಡಿನಿಂದ 622. ಅಂದರೆ 52.7 ಮೀಟರ್. ಎರಡೂ ಸೇರಿ 115.9.

ಟೇಪ್ ಹಿಡಿದು ಗುರುತು ಹಾಕಿ ಆಚೀಚೆ ಒಂದೊಂದು ಮೀಟರ್ ಬಿಡಿಸಿದೆವು. ಗುರುತಿನಿಂದ ಒಂದು ಮೊಳ ಈಚೆಗೆ ಹಳೆ ಜಾಯಿಂಟ್ ಸಿಕ್ಕಿತು. ಬೇಲಿ ಕಂಬ ಹೂಳುವಾಗ ಹಾರೆ ತಾಗಿ ಯಾರೋ ಟೇಪ್ ಸುತ್ತಿ ಮುಚ್ಚಿದ್ದು. ಟೇಪ್ ಬಿಚ್ಚಿದರೆ ಒಳಗೆ ನೀರು, ಕೆಂಪು ಕೋರಿನ ತಾಮ್ರ ಹಸಿರು ಪುಡಿಯಾಗಿ ಉದುರಿತು. ಹಳದಿಯೂ ಅರ್ಧ ತಿಂದಿದೆ.

ಹೊಸೂರು_ಬೋರ್ಡ್
ನೀರು ತುಂಬಿದ್ದರೆ ಹಳದಿ–ನೀಲಿ ನಡುವೆಯೂ ಅದೇ 745ರ ಹತ್ತಿರ ಒಂದು ಸಣ್ಣ ಕೆಳಗಿನ ತಗ್ಗು ಇದ್ದಿರಬೇಕು. ನೀರಿನಿಂದ ಅಲ್ಲಿ ಕೆಪ್ಯಾಸಿಟೆನ್ಸ್ ಜಾಸ್ತಿ, ಇಂಪೀಡೆನ್ಸ್ ಕಡಿಮೆ. ಫೋಟೊ ಇದ್ದರೆ ನೋಡಿ.

ಬದಿಯಡ್ಕ_ತೋಟ
ಉಂಟು ಮಾರಾಯ್ರೆ! ಗೆರೆ ಸ್ವಲ್ಪ ಬಾಗಿದೆ, ಗದ್ದಲ ಅಂತ ಬಿಟ್ಟಿದ್ದೆ.

ಉಪ್ಪಳ_ಕೇಬಲ್
ಆ ಎರಡೂ ಕೋರ್ ಒಳ್ಳೆ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ, ನೀಲಿಯನ್ನೂ ಬಿಚ್ಚಿ ನೋಡಿ. ತೋಳು ಹಾಕಿ ಒತ್ತಿ, ಮೇಲೆ ರೆಸಿನ್ ಸುರಿಯುವ ಜಾಯಿಂಟ್ ಕಿಟ್ ಹಾಕಿ. ಬರೀ ಟೇಪ್ ಈ ಮಳೆಗೆ ನಿಲ್ಲುವುದಿಲ್ಲ.

ನೀರ್ಚಾಲು_ಇಸಿಇ
ತೋಟದಣ್ಣ, ಆ ಪೆಟ್ಟಿಗೆ ಒಂದು ವಾರಕ್ಕೆ ಸಿಗ್ತದಾ? ಹಾಸ್ಟೆಲಿನ ಗೋಡೆಯೊಳಗಿನ ಲ್ಯಾನ್ ಕೇಬಲ್ ನೋಡಬೇಕಿತ್ತು. ಅದು 100 ಓಮ್, ಇದು 75. ತೊಂದರೆ ಆಗ್ತದಾ ಮಾಷ್ಟ್ರೇ?

ಮುಳ್ಳೇರಿಯ_ಮಾಷ್ಟ್ರು
ಶುರುವಿನಲ್ಲೇ ಏಳರಲ್ಲಿ ಒಂದು ಪಾಲಿನ ಮೇಲ್ಮುಖ ಎಕೋ ಕಾಣುತ್ತದೆ, ಅದು ಜೋಡಣೆಯದ್ದು ಅಂತ ಬಿಟ್ಟುಬಿಡು. ಸಣ್ಣ ಜೋಡಿ ತುಂಡು ಹಾಕು, ಲ್ಯಾನ್ ಕೇಬಲ್ಲಿನಲ್ಲಿ ನಷ್ಟ ಕಡಿಮೆ. ಆಚೆ ತುದಿಯನ್ನು ಲ್ಯಾನ್ ಸ್ವಿಚ್ಚಿನಿಂದ ಕಳಚಿದ ಮೇಲೆ ಮಾತ್ರ.

ಬದಿಯಡ್ಕ_ತೋಟ
ಶನಿವಾರ ಬಂದು ತಗೊಂಡು ಹೋಗು ತಂಗಿ. 5 ಮೀಟರಿನ ಜೋಡಿ ಮಾತ್ರ ನನಗೆ ಇಲ್ಲಿ ಬೇಕು. ಭಾವನ ತೋಟದಲ್ಲಿಯೂ ಒಂದು ಕೇಬಲ್ ಹೋಗಿದೆಯಂತೆ, ಅದು 300 ಮೀಟರ್ ಉಂಟು. ಅದಕ್ಕೆ ಉಪ್ಪಳದಣ್ಣನ ಅಟ್ಟದಿಂದ ಇನ್ನೂ ಉದ್ದದ್ದು ಬೇಕಾಗಬಹುದು.